ಮನೆಗಿಂತ ಮೊದಲು ನೆರೆಯನ್ನು ನೋಡಿ

ಊರು ಬಿಟ್ಟು ಇನ್ನೊಂದು ಊರಲ್ಲಿ ನೆಲೆಸುವುದು ಮುಸ್ಲಿಮರಿಗೆ ಹೊಸ ಸಂಗತಿಯೇನಲ್ಲ. ನಮ್ಮ ವರ್ಷಗಣನೆಯೇ ಒಂದು ವಲಸೆಯಿಂದ ಆರಂಭವಾಗುತ್ತದೆ. ಪ್ರವಾದಿವರ್ಯರು(ಸ) ಮತ್ತು ಅವರ ಸಂಗಡಿಗರು ಮಕ್ಕಾ ಬಿಟ್ಟು ಮದೀನಕ್ಕೆ ಬಂದಾಗ ಎಲ್ಲಿ ಇಳಿದುಕೊಂಡರು, ಮೊದಲು ಏನನ್ನು ಕಟ್ಟಿದರು, ಸುತ್ತಲಿನವರೊಂದಿಗೆ ಯಾವ ಸಂಬಂಧ ಬೆಳೆಸಿದರು ಎಂಬುದನ್ನು ನಾವು ಚರಿತ್ರೆಯಾಗಿ ಓದುತ್ತೇವೆ. ಆದರೆ ನಾವೇ ಮನೆ ಬದಲಾಯಿಸುವ ಹೊತ್ತು ಬಂದಾಗ ಅದನ್ನು ಪಾಠವಾಗಿ ಮುಂದಿಟ್ಟುಕೊಳ್ಳುವವರು ಎಷ್ಟು ಮಂದಿ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿಂದ ಬೆಂಗಳೂರಿಗೆ ಹೋಗಿ ನೆಲೆಸುವ ಕುಟುಂಬಗಳು ಇಂದು ಅಪರೂಪವಲ್ಲ. ಮಗನಿಗೆ ಅಲ್ಲಿ ಕೆಲಸ ಸಿಕ್ಕಿರುತ್ತದೆ, ಮಗಳಿಗೆ ಕಾಲೇಜಿನಲ್ಲಿ ಸೀಟು ದೊರೆತಿರುತ್ತದೆ, ಇಲ್ಲವೆ ಇಲ್ಲಿನ ದುಡಿಮೆ ಸಂಸಾರಕ್ಕೆ ಸಾಲದಾಗಿರುತ್ತದೆ. ಮೂರೂ ಊರುಗಳು ಹುಬ್ಬಳ್ಳಿ-ಬೆಂಗಳೂರು ರೈಲು ಮಾರ್ಗದ ಮೇಲಿವೆ. ರಾತ್ರಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ದಾರಿಯೇನೋ ಸುಲಭ. ಪ್ರಶ್ನೆ ಏಳುವುದು ಇಳಿದ ಮೇಲೆ: ಇಷ್ಟು ದೊಡ್ಡ ನಗರದಲ್ಲಿ ಯಾವ ಬಡಾವಣೆಯಲ್ಲಿ ಮನೆ ಹಿಡಿಯಬೇಕು?

ನಮ್ಮ ಊರುಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಓಣಿಯನ್ನು ನಾವು ಆರಿಸಿಕೊಂಡವರಲ್ಲ. ಅದು ಅಜ್ಜನ ಕಾಲದಿಂದ ಬಂದದ್ದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯವರು, ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿದ್ದವರೇ. ಹಾವೇರಿಯ ಪಟವೇಗಾರ ಮನೆತನದವರು ಪೋಣಿಸುವ ಏಲಕ್ಕಿ ಹಾರ ಎಲ್ಲ ಧರ್ಮದವರ ಸಮಾರಂಭಗಳಲ್ಲೂ ಕೊರಳಿಗೆ ಬೀಳುತ್ತದೆ. ರಾಣೆಬೆನ್ನೂರಿನ ಬೀಜದ ಅಂಗಡಿಯವನಿಗೆ ಗಿರಾಕಿಯ ಹೆಸರಷ್ಟೇ ಅಲ್ಲ, ಅವನ ತಂದೆಯ ಹೆಸರೂ ಗೊತ್ತು. ಇಂತಹ ಊರಲ್ಲಿ ನಮ್ಮ ಮಗ ಬೀದಿಯಲ್ಲಿ ತಪ್ಪು ಮಾಡಿದರೆ ನೆರೆಮನೆಯ ತಾಯಿಯೇ ಗದರಿಸುತ್ತಾಳೆ. ಇದು ಅಲ್ಲಾಹನ ದೊಡ್ಡ ಅನುಗ್ರಹ. ಕೇಳದೆಯೇ ಸಿಕ್ಕಿದ್ದರಿಂದ ಅದರ ಬೆಲೆ ನಮಗೆ ತಿಳಿಯಲಿಲ್ಲ. 2011ರ ಜನಗಣತಿಯ ವೇಳೆಗೇ 84 ಲಕ್ಷ ದಾಟಿದ್ದ ಬೆಂಗಳೂರಿನಲ್ಲಿ ಅದೇ ಅನುಗ್ರಹವನ್ನು ಹುಡುಕಬೇಕು, ಕಷ್ಟಪಟ್ಟು ಕಟ್ಟಿಕೊಳ್ಳಬೇಕು.

ಮೂರು ಬೇಡಿಕೆಗಳು, ಒಂದು ಕ್ರಮ

ಪವಿತ್ರ ಕುರ್‌ಆನಿನ 'ಇಬ್ರಾಹೀಮ್' ಅಧ್ಯಾಯದ 37ನೇ ಸೂಕ್ತದಲ್ಲಿ ಹ. ಇಬ್ರಾಹೀಮರ(ಅ) ಒಂದು ಪ್ರಾರ್ಥನೆಯಿದೆ. ತಮ್ಮ ಸಂತತಿಯ ಒಂದು ಭಾಗವನ್ನು ಬೆಳೆಯಿಲ್ಲದ ಕಣಿವೆಯಲ್ಲಿ, ಅಲ್ಲಾಹನ ಪವಿತ್ರ ಭವನದ ಬಳಿ ನೆಲೆಗೊಳಿಸಿದಾಗ ಅವರು ಬೇಡಿಕೊಂಡ ಪ್ರಾರ್ಥನೆ ಅದು. ಕುಟುಂಬವನ್ನು ಹೊಸ ಜಾಗದಲ್ಲಿ ಬಿಡುವ ತಂದೆಯೊಬ್ಬನ ಕಾಳಜಿ ಅದರಲ್ಲಿ ತುಂಬಿದೆ. ಅದರ ಕ್ರಮವನ್ನು ಗಮನಿಸಿರಿ. ಮೊದಲನೆಯದಾಗಿ, ಅವರು ನಮಾಝನ್ನು ಸಂಸ್ಥಾಪಿಸುವಂತಾಗಲಿ ಎಂಬ ಆಶಯ. ಎರಡನೆಯದಾಗಿ, ಜನರ ಹೃದಯಗಳು ಅವರತ್ತ ಒಲಿಯಲಿ ಎಂಬ ಬೇಡಿಕೆ. ಮೂರನೆಯದಾಗಿ, ಅವರಿಗೆ ಫಲಗಳ ಆಹಾರ ದೊರೆಯಲಿ ಎಂಬ ಬೇಡಿಕೆ.

ದೀನ್, ಜನರ ಒಲವು, ಜೀವನೋಪಾಯ. ಮೂರೂ ಬೇಕು, ಯಾವುದನ್ನೂ ಬಿಡಲಿಲ್ಲ. ಹೊಟ್ಟೆಯ ಚಿಂತೆ ಪಾಪವಲ್ಲ. ಪ್ರವಾದಿಯೊಬ್ಬರೇ ಅದನ್ನು ಬೇಡಿದ್ದಾರೆ. ಆದರೆ ನಾವು ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ಬಾಡಿಗೆ ಎಷ್ಟು, ಆಫೀಸು ಎಷ್ಟು ದೂರ ಎಂಬುದನ್ನು ಮೊದಲು ನೋಡುತ್ತೇವೆ. ಮುಂಗಡ ಕೊಟ್ಟ ಮೇಲೆ ಮಸೀದಿ ಎಲ್ಲಿದೆ ಎಂದು ವಿಚಾರಿಸುತ್ತೇವೆ. ಪಕ್ಕದ ಮನೆಯವರು ಯಾರೆಂದು ಆರು ತಿಂಗಳಾದರೂ ಕೇಳುವುದಿಲ್ಲ.

'ಅತ್ತಹ್ರೀಮ್' ಅಧ್ಯಾಯದಲ್ಲಿ (66:11) ಫಿರ್‌ಔನನ ಪತ್ನಿಯ ಪ್ರಾರ್ಥನೆಯೂ ಇದೇ ಪಾಠ ಕಲಿಸುತ್ತದೆ. ಅರಮನೆಯಲ್ಲಿದ್ದ ಆ ಮಹಿಳೆ ಸ್ವರ್ಗದಲ್ಲಿ ಒಂದು ಮನೆಯನ್ನು ಬೇಡಿದರು. ಆದರೆ 'ನಿನ್ನ ಬಳಿಯಲ್ಲಿ' ಎಂಬುದನ್ನು 'ಮನೆ'ಗಿಂತ ಮೊದಲು ಹೇಳಿದರು. ಅವರು ಮನೆಗಿಂತ ಮೊದಲು ಸಾಮೀಪ್ಯವನ್ನು ಆರಿಸಿದರೆಂದು ವಿದ್ವಾಂಸರು ಇದರತ್ತ ನಮ್ಮ ಗಮನ ಸೆಳೆದಿದ್ದಾರೆ. ವಿಶಾಲವಾದ ಮನೆ, ಸಜ್ಜನ ನೆರೆಯವ, ಹಿತವಾದ ವಾಹನ ಇವು ಮನುಷ್ಯನ ಸೌಭಾಗ್ಯಗಳಲ್ಲಿ ಸೇರಿವೆಯೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ (ಅಹ್ಮದ್). ಮೊದಲ ಮತ್ತು ಮೂರನೆಯದಕ್ಕಾಗಿ ನಾವು ಸಾಲ ಮಾಡಲೂ ಸಿದ್ಧರಿರುತ್ತೇವೆ. ನಡುವಿನದಕ್ಕಾಗಿ ಒಂದು ದಿನ ಅಲೆದಾಡಲೂ ನಮಗೆ ಬಿಡುವಿಲ್ಲ.

ಮಸೀದಿಯ ಬಳಿಯೇ ಇರಬೇಕೆ?

ಮದೀನದಲ್ಲಿ ಪ್ರವಾದಿವರ್ಯರು(ಸ) ಮೊದಲು ಅಬೂ ಅಯ್ಯೂಬ್ ಅನ್ಸಾರಿ(ರ) ಅವರ ಮನೆಯಲ್ಲಿ ತಂಗಿದರು. ಇಬ್ಬರು ಅನಾಥ ಬಾಲಕರ ಜಾಗವನ್ನು ಬೆಲೆ ಕೊಟ್ಟೇ ಪಡೆದು ಮಸೀದಿ ಕಟ್ಟಿಸಿದರು. ಮನೆಯ ಕೋಣೆಗಳು ಆ ಮಸೀದಿಗೆ ತಾಗಿ ಎದ್ದವು. ಮಸೀದಿಯ ಸಾಮೀಪ್ಯ ಎಷ್ಟು ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಆದರೆ ಇನ್ನೊಂದು ಘಟನೆಯನ್ನೂ ಮರೆಯಬಾರದು. ಬನೂ ಸಲಿಮಾ ಗೋತ್ರದವರ ಮನೆಗಳು ಮಸೀದಿಯಿಂದ ದೂರವಿದ್ದವು. ಅವರು ಆ ಮನೆಗಳನ್ನು ಬಿಟ್ಟು ಮಸೀದಿಯ ಹತ್ತಿರ ಬರಲು ಬಯಸಿದಾಗ ಪ್ರವಾದಿವರ್ಯರು(ಸ) ಅವರನ್ನು ಅಲ್ಲಿಯೇ ಇರಲು ಹೇಳಿದರು. ಅವರು ನಡೆದು ಬರುವ ಹೆಜ್ಜೆಗಳೆಲ್ಲ ಅವರ ಲೆಕ್ಕದಲ್ಲಿ ಬರೆಯಲ್ಪಡುತ್ತವೆಂದು ಸಮಾಧಾನ ನೀಡಿದರು (ಮುಸ್ಲಿಮ್). ದೂರವಿರುವುದು ದೋಷವಲ್ಲ, ಆ ದೂರವನ್ನು ನಡೆಯದಿರುವುದು ದೋಷ.

ಆದ್ದರಿಂದ ಅಳತೆಗೋಲು ಹೀಗಿರಲಿ. ಫಜ್ರ್ ಮತ್ತು ಇಶಾ ನಮಾಝಿಗೆ ನಡೆದು ಹೋಗಬಹುದಾದ ದೂರದಲ್ಲಿ ಮಸೀದಿ ಇದೆಯೆ? ಹತ್ತು ವರ್ಷದ ಮಗ ಒಬ್ಬನೇ ಹೋಗಿ ಬರಬಲ್ಲನೆ, ಅಥವಾ ನಡುವೆ ದಾಟಲಾಗದ ಹೆದ್ದಾರಿಯಿದೆಯೆ? ಮಕ್ಕಳಿಗೆ ಕುರ್‌ಆನ್ ಕಲಿಸುವ ಏರ್ಪಾಡು ಇದೆಯೆ? ಮನೆಯ ಹೆಂಗಸರಿಗೆ ದೀನೀ ತಿಳಿವಳಿಕೆ ಪಡೆಯುವ ಅವಕಾಶ ಹತ್ತಿರದಲ್ಲಿದೆಯೆ? ಮಸೀದಿ ಮನೆಗೆ ಅಂಟಿಕೊಂಡಿದ್ದು ಮನೆಯವರು ಅತ್ತ ಸುಳಿಯದಿದ್ದರೆ ಆ ಸಾಮೀಪ್ಯದಿಂದ ಬಂದ ಲಾಭವೇನು? ಜುಮಾ ಮುಗಿದೊಡನೆ ಹೊರಡದೆ ಅಲ್ಲಿನ ಇಮಾಮರೊಂದಿಗೆ, ಹಿರಿಯರೊಂದಿಗೆ ಹತ್ತು ನಿಮಿಷ ಮಾತಾಡಿರಿ. ಬಡಾವಣೆಯ ಹುಡುಗರು ಹೇಗಿದ್ದಾರೆ, ಶರಾಬು, ಜೂಜು, ಮಾದಕ ಪದಾರ್ಥಗಳ ಕಾಟವಿದೆಯೆ ಎಂಬುದನ್ನು ಮನೆ ತೋರಿಸುವ ದಲ್ಲಾಳಿ ಹೇಳಲಾರ. ಅಲ್ಲಿಯೇ ಮಕ್ಕಳನ್ನು ಬೆಳೆಸುತ್ತಿರುವ ತಂದೆ ಹೇಳುತ್ತಾನೆ.

ನಮ್ಮವರ ನಡುವೆಯೆ, ಎಲ್ಲರ ನಡುವೆಯೆ?

ಮನೆ ಹುಡುಕುವ ಹೊತ್ತಿಗೆ ಪ್ರತಿ ಕುಟುಂಬದಲ್ಲೂ ಈ ಚರ್ಚೆ ನಡೆಯುತ್ತದೆ. "ನಮ್ಮವರೇ ಇರುವ ಕಡೆ ಹೋಗೋಣ, ಅಝಾನ್ ಕೇಳಿಸುತ್ತದೆ, ಹಲಾಲ್ ಮಾಂಸ ಸಿಗುತ್ತದೆ, ಹೆಣ್ಣುಮಕ್ಕಳಿಗೆ ಅಂಜಿಕೆಯಿಲ್ಲ" ಎಂದು ಮನೆಯ ಹಿರಿಯರು ಹೇಳುತ್ತಾರೆ. "ಅಲ್ಲಿ ಇಕ್ಕಟ್ಟು, ಒಳ್ಳೆಯ ಶಾಲೆಯಿಲ್ಲ, ಎಲ್ಲರೂ ಇರುವ ಬಡಾವಣೆಯೇ ಒಳ್ಳೆಯದು" ಎಂದು ಮಗ ಹೇಳುತ್ತಾನೆ. ಎರಡು ಮಾತಿನಲ್ಲೂ ಸತ್ಯವಿದೆ. ಎರಡನ್ನೂ ತೂಗಿ ನೋಡುವುದು ಒಳಿತು.

ಶಿವಾಜಿನಗರ, ಫ್ರೇಝರ್ ಟೌನ್, ಟ್ಯಾನರಿ ರಸ್ತೆ, ಪಶ್ಚಿಮಕ್ಕೆ ಗೋರಿಪಾಳ್ಯ ಮತ್ತು ಪಾದರಾಯನಪುರ, ದಕ್ಷಿಣದಲ್ಲಿ ತಿಲಕನಗರ ಮತ್ತು ಗುರಪ್ಪನಪಾಳ್ಯ ಇವು ಮುಸ್ಲಿಮರು ಬಹುಕಾಲದಿಂದ ಹೆಚ್ಚಾಗಿ ನೆಲೆಸಿರುವ ಪ್ರದೇಶಗಳು. ಹೊಸಬನಿಗೆ ಅಲ್ಲಿ ಮಸೀದಿ, ಮದ್ರಸ, ಪರಿಚಯಸ್ಥರು ಬೇಗ ದೊರೆಯುತ್ತಾರೆ. ಕಷ್ಟದ ರಾತ್ರಿಯಲ್ಲಿ ಬಾಗಿಲು ತಟ್ಟಲು ಒಂದು ಮನೆಯಿರುತ್ತದೆ. ಇದು ಸಣ್ಣ ಮಾತಲ್ಲ. ಆದರೆ ಇವೆಲ್ಲ ಒಂದೇ ತೆರನಾದ ಜಾಗಗಳೆಂದು ತಿಳಿಯಬೇಡಿರಿ. ಅಗಲ ರಸ್ತೆ, ಒಳ್ಳೆಯ ಶಾಲೆಗಳಿರುವ ಬೀದಿಯೂ ಗಾಳಿ ಬೆಳಕಿಲ್ಲದ ಗಲ್ಲಿಯೂ ಅರ್ಧ ಮೈಲಿಯೊಳಗೇ ಇರುತ್ತವೆ. ಬಡಾವಣೆಯ ಹೆಸರನ್ನು ಕೇಳಿ ನಿರ್ಧರಿಸದೆ ಬೀದಿಯನ್ನು ನೋಡಿ ನಿರ್ಧರಿಸಿರಿ.

ಇನ್ನೊಂದು ಕಡೆಯನ್ನೂ ನೋಡೋಣ. 2006ರಲ್ಲಿ ವರದಿ ನೀಡಿದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು, ಮುಸ್ಲಿಮರಿಗೆ ಮನೆ ಬಾಡಿಗೆಗೆ ಸಿಗುವುದು ಕಷ್ಟವಾಗುತ್ತಿದೆಯೆಂಬ ಅಹವಾಲನ್ನೂ, ಸುರಕ್ಷತೆಯ ಚಿಂತೆಯಿಂದ ಅವರು ಒಂದೇ ಕಡೆ ಒತ್ತಾಗಿ ನೆಲೆಸುತ್ತಿರುವುದನ್ನೂ, ಅಂತಹ ಪ್ರದೇಶಗಳು ನೀರು, ಶಾಲೆ, ಆಸ್ಪತ್ರೆ, ಬ್ಯಾಂಕುಗಳ ಸೌಕರ್ಯದಲ್ಲಿ ಹಿಂದುಳಿಯುವುದನ್ನೂ ದಾಖಲಿಸಿತು. 2023ರಲ್ಲಿ ಪ್ರಕಟವಾದ, ದೇಶದ 15 ಲಕ್ಷ ನೆರೆಹೊರೆಗಳ ಅಂಕಿಅಂಶಗಳನ್ನು ಪರಿಶೀಲಿಸಿದ ಸಂಶೋಧನೆಯೊಂದು ಕೂಡ, ಮುಸ್ಲಿಮರು ಹೆಚ್ಚಾಗಿರುವ ನೆರೆಹೊರೆಗಳಲ್ಲಿ ಸರಕಾರಿ ಶಾಲೆ, ಚಿಕಿತ್ಸಾಲಯಗಳಂತಹ ಸೌಲಭ್ಯಗಳು ಕಡಿಮೆಯೆಂದು ಕಂಡುಕೊಂಡಿತು. ಈ ಅನ್ಯಾಯದ ಹೊಣೆ ಅಲ್ಲಿ ವಾಸಿಸುವವರ ಮೇಲಿಲ್ಲ. ಆದರೆ ಮನೆ ಹಿಡಿಯುವ ತಂದೆ ತನ್ನ ಮಗುವಿಗೆ ಶಾಲೆ ಎಲ್ಲಿದೆಯೆಂದು ನೋಡದೆ ಇರಲಾಗದು.

ಇಸ್ಲಾಮ್ ಈ ವಿಷಯದಲ್ಲಿ ನಮ್ಮನ್ನು ಯಾವುದೋ ಒಂದು ಮೂಲೆಗೆ ತಳ್ಳುವುದಿಲ್ಲ. 'ಅನ್ನಿಸಾ' ಅಧ್ಯಾಯದ 36ನೇ ಸೂಕ್ತವು ಬಂಧುವಾದ ನೆರೆಯವನೊಂದಿಗೂ ಅಪರಿಚಿತನಾದ ನೆರೆಯವನೊಂದಿಗೂ ಒಳಿತಾಗಿ ವರ್ತಿಸಲು ಆದೇಶಿಸುತ್ತದೆ. ಆ ಅಪರಿಚಿತ ನೆರೆಯವನಲ್ಲಿ ಇತರ ಧರ್ಮದವನೂ ಸೇರುತ್ತಾನೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಹ. ಅಬ್ದುಲ್ಲಾ ಬಿನ್ ಅಮ್ರ್(ರ) ಅವರ ಮನೆಯಲ್ಲಿ ಕುರಿ ಕೊಯ್ದಾಗ, ತಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರೋ ಇಲ್ಲವೋ ಎಂದು ಅವರು ಮನೆಯವರನ್ನು ಮತ್ತೆ ಕೇಳಿದರು. ನೆರೆಯವನಿಗೆ ಆಸ್ತಿಯಲ್ಲಿ ಪಾಲು ಕೊಡಿಸುವರೇನೋ ಎಂದು ಪ್ರವಾದಿವರ್ಯರಿಗೆ(ಸ) ಅನಿಸುವಷ್ಟು ಜಿಬ್ರೀಲರು(ಅ) ನೆರೆಯವನ ಹಕ್ಕಿನ ಬಗ್ಗೆ ಉಪದೇಶಿಸುತ್ತಿದ್ದರೆಂಬ ವಚನವನ್ನು ಅವರು ಉದಾಹರಿಸಿದ್ದು ಆ ಸಂದರ್ಭದಲ್ಲೇ (ಅಬೂದಾವೂದ್, ತಿರ್ಮಿದಿ). ಎಲ್ಲ ನೆರೆಯವರೂ ಮುಸ್ಲಿಮರೇ ಆಗಿರಬೇಕೆಂದಿದ್ದರೆ ಈ ಪಾಠಕ್ಕೆ ಅರ್ಥವೆಲ್ಲಿರುತ್ತಿತ್ತು?

ಆದ್ದರಿಂದ ಎರಡು ಪ್ರಶ್ನೆ ಕೇಳಿಕೊಳ್ಳಿರಿ. ಈ ಜಾಗದಲ್ಲಿ ನನ್ನ ಮಕ್ಕಳ ದೀನ್ ಉಳಿಯುತ್ತದೆಯೆ? ಈ ಜಾಗದಲ್ಲಿ ನನ್ನ ಮಕ್ಕಳು ಎಲ್ಲ ಜನರೊಂದಿಗೆ ಸೇರಿ ಬಾಳುವುದನ್ನು ಕಲಿಯುತ್ತಾರೆಯೆ? ಎರಡಕ್ಕೂ 'ಹೌದು' ಎನ್ನಬಹುದಾದ ಬೀದಿ, ಅದು ಯಾವ ಬಡಾವಣೆಯಲ್ಲಿದ್ದರೂ ನಿಮಗೆ ಸರಿಯಾದ ಬೀದಿ. ಹಾವೇರಿಯ ಓಣಿಯಲ್ಲಿ ಬೆಳೆದವರಿಗೆ ಈ ಎರಡೂ ಕೂಡಿ ಇರಬಲ್ಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕಣ್ಣಾರೆ ನೋಡಬೇಕಾದವುಗಳು

ಅಲ್ಲಾಹನ ಮೇಲೆ ಭರವಸೆಯಿಡುವುದೆಂದರೆ ವಿಚಾರಿಸದೆ ಬಾವಿಗೆ ಇಳಿಯುವುದಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡಬೇಕೆಂಬುದು ಪ್ರವಾದಿ(ಸ) ಶಿಕ್ಷಣ. ಮನೆಯ ವಿಷಯದಲ್ಲಿ ಒಂಟೆ ಕಟ್ಟುವುದೆಂದರೆ ಈ ಸಂಗತಿಗಳನ್ನು ಪರಿಶೀಲಿಸುವುದು:

1. ಮೂರು ಹೊತ್ತಿನಲ್ಲಿ ನೋಡಿರಿ. ಬೆಳಗ್ಗೆ ಶಾಲೆಯ ಹೊತ್ತಿಗೆ, ಸಂಜೆ ಮಗ್ರಿಬ್ ವೇಳೆಗೆ, ರಾತ್ರಿ ಹತ್ತರ ಮೇಲೆ. ಮಧ್ಯಾಹ್ನ ಶಾಂತವಾಗಿದ್ದ ಬೀದಿ ರಾತ್ರಿ ಹೆಣ್ಣುಮಗಳೊಬ್ಬಳು ನಡೆಯಲಾಗದ ಬೀದಿಯಾಗಿರಬಹುದು.

2. ನೀರು. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಕೊಳವೆಬಾವಿ ಇದೆಯೆ? 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗೆ ಕೈಯೊಡ್ಡಿದ್ದರು. ಮನೆ ಮಾಲಿಕನನ್ನು ಮಾತ್ರ ಕೇಳಬೇಡಿರಿ, ಕೆಳಗಿನ ಮನೆಯ ಹೆಂಗಸರನ್ನು ನಿಮ್ಮ ಮನೆಯವರು ಕೇಳಲಿ.

3. ಮಳೆ. ತಗ್ಗಿನಲ್ಲಿರುವ, ರಾಜಕಾಲುವೆಗೆ ತಾಗಿರುವ ಮನೆಯ ಬಾಡಿಗೆ ಏಕೆ ಕಡಿಮೆಯೆಂದು ಮಳೆಗಾಲದಲ್ಲಿ ತಿಳಿಯುತ್ತದೆ. ಗೋಡೆಯ ಕೆಳಭಾಗದಲ್ಲಿ ತೇವದ ಗೆರೆಯಿದೆಯೆ ನೋಡಿರಿ.

4. ದುಡಿಯುವ ಜಾಗದ ದೂರ. ಹಾವೇರಿಯಲ್ಲಿ ಹತ್ತು ನಿಮಿಷ ದೂರವೆನಿಸುತ್ತದೆ. ಬೆಂಗಳೂರಿನಲ್ಲಿ ಎರಡು ಗಂಟೆಯೂ ಆದೀತು. ಪೀಣ್ಯದ ಕಾರ್ಖಾನೆಗೋ ಯಶವಂತಪುರದ ಎಪಿಎಂಸಿ ಪ್ರಾಂಗಣಕ್ಕೋ ಹೋಗುವವರು ತುಮಕೂರು ರಸ್ತೆಯ ಆಸುಪಾಸಿನಲ್ಲಿ ಹುಡುಕಲಿ. ಊರಿಗೆ ಹೋಗಿಬರಲೂ ಅದೇ ದಾರಿ. ವೈಟ್‌ಫೀಲ್ಡಿಗೆ ಹೋಗುವವರಿಗೆ ಮೆಟ್ರೋದ ನೇರಳೆ ಮಾರ್ಗವಿದೆ. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಿಂದ ಹಳದಿ ಮಾರ್ಗವೂ ಓಡುತ್ತಿದೆ. ಮನೆ ಮೆಟ್ರೋ ನಿಲ್ದಾಣಕ್ಕೆ ನಡೆಯುವ ದೂರದಲ್ಲಿದ್ದರೆ ತಂದೆ ಮಕ್ಕಳು ಎಚ್ಚರವಿರುವಾಗಲೇ ಮನೆ ಸೇರುತ್ತಾನೆ. ಮಕ್ಕಳ ಮೇಲೆ ತಂದೆಯ ಹಕ್ಕಿರುವಂತೆ ತಂದೆಯ ಮೇಲೆ ಮಕ್ಕಳ ಹಕ್ಕೂ ಇದೆ.

5. ಶಾಲೆ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯು 'ನೆರೆಹೊರೆಯ ಶಾಲೆ' ಎಂಬ ತತ್ವವನ್ನಿಟ್ಟುಕೊಂಡಿದೆ. ಕೇಂದ್ರದ ನಿಯಮಗಳ ಪ್ರಕಾರ 5ನೇ ತರಗತಿಯವರೆಗಿನ ಮಗುವಿಗೆ ಶಾಲೆ 1 ಕಿ.ಮೀ. ನಡಿಗೆಯೊಳಗೆ ಇರಬೇಕು. ಊರಲ್ಲಿ ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದ ಮಗುವನ್ನು ಇದ್ದಕ್ಕಿದ್ದಂತೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ಮೊದಲು ಅದರ ವಯಸ್ಸು, ಶಕ್ತಿಗಳನ್ನು ಯೋಚಿಸಿರಿ. ಮನೆ ಬದಲಾಯಿಸುವುದಿದ್ದರೆ ವರ್ಷದ ನಡುವೆ ಬೇಡ, ಬೇಸಿಗೆ ರಜೆಯಲ್ಲಿ ಬದಲಾಯಿಸಿರಿ.

6. ಹಾಸಿಗೆ ಇದ್ದಷ್ಟು ಕಾಲು ಚಾಚಿರಿ. ಬಾಡಿಗೆಯ ಜೊತೆ ನೀರು, ವಿದ್ಯುತ್, ಬಸ್ಸು, ಶಾಲೆ ವ್ಯಾನು ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿರಿ. ಸಾಲದ ಮೇಲೆ ನಿಂತ ದೊಡ್ಡ ಮನೆಯಲ್ಲಿ ನೆಮ್ಮದಿಯ ಕೋಣೆ ಇರುವುದಿಲ್ಲ.

ಹಣದ ವ್ಯವಹಾರದಲ್ಲಿ ಎಚ್ಚರ

ಬೆಂಗಳೂರಿನಲ್ಲಿ 'ಲೀಸ್' ಅಥವಾ ಭೋಗ್ಯದ ಪದ್ಧತಿ ವ್ಯಾಪಕವಾಗಿದೆ. ಮನೆ ಮಾಲಿಕನಿಗೆ ಒಂದು ದೊಡ್ಡ ಮೊತ್ತ ಕೊಡುತ್ತೀರಿ; ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸುತ್ತೀರಿ; ಬಿಡುವಾಗ ಅಷ್ಟೂ ಹಣ ಮರಳಿ ಬರುತ್ತದೆ. ಊರಲ್ಲಿ ಹೊಲ ಮಾರಿ ಬಂದವರಿಗೆ ಇದು ಬಹಳ ಆಕರ್ಷಕ. ಆದರೆ ಯೋಚಿಸಿ ನೋಡಿರಿ: ಕೊಟ್ಟ ಹಣ ಪೂರ್ತಿ ಮರಳಿ ಬರುವುದಾದರೆ ಅದು ಸಾಲ. ಸಾಲ ಕೊಟ್ಟು ಅದರ ಪ್ರತಿಯಾಗಿ ಮನೆಯ ವಾಸವನ್ನು ಪುಕ್ಕಟೆಯಾಗಿ ಪಡೆದರೆ ಅದು ಸಾಲದ ಮೇಲಿನ ಲಾಭ. ಅನೇಕ ಉಲಮಾಗಳು ಇದನ್ನು ಬಡ್ಡಿಯ ವ್ಯಾಪ್ತಿಗೆ ಸೇರಿಸಿ ನಿಷೇಧಿಸಿದ್ದಾರೆ. ಹೆಸರಿಗೆ ಮಾತ್ರ ನೂರಿನ್ನೂರು ರೂಪಾಯಿ ಬಾಡಿಗೆ ಬರೆದು ಇದನ್ನು ಮುಚ್ಚುವುದೂ ಸರಿಯಲ್ಲ. ಸಹಿ ಹಾಕುವ ಮೊದಲು ನೀವು ನಂಬುವ ವಿದ್ವಾಂಸರನ್ನು ಕೇಳಿರಿ.

ಲೌಕಿಕ ದೃಷ್ಟಿಯಿಂದಲೂ ಇದರಲ್ಲಿ ಅಪಾಯವಿದೆ. ಮಾಲಿಕ ಅದೇ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ತೀರಿಸದಿದ್ದರೆ ಬ್ಯಾಂಕು ಮನೆಗೆ ಬೀಗ ಹಾಕುತ್ತದೆ. ಭೋಗ್ಯದ ಹಣ ಸಿಕ್ಕಿಬೀಳುತ್ತದೆ. ನೇರ ಬಾಡಿಗೆ, ಕೈಗೆಟಕುವ ಮುಂಗಡ, ಬರಹದ ಕರಾರು ಇವೇ ಸುರಕ್ಷಿತ. ವ್ಯವಹಾರವನ್ನು ಬರೆದಿಡಲು ಕುರ್‌ಆನ್ ತನ್ನ ಅತಿ ದೀರ್ಘ ಸೂಕ್ತದಲ್ಲಿ (2:282) ಆದೇಶಿಸಿದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ ಸಾಮಾನ್ಯವಾಗಿ 11 ತಿಂಗಳ ಕರಾರು ಬರೆಯುತ್ತಾರೆ. ಮುಂಗಡ ಎಷ್ಟು, ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮೊದಲು ತಿಳಿಸಬೇಕು ಇವೆಲ್ಲ ಬರಹದಲ್ಲಿರಲಿ.

ಕೊಳ್ಳುವ ಆತುರ ಬೇಡ. ವಾಸದ ಊರಿನಲ್ಲಿ ಕೆಟ್ಟ ನೆರೆಯವನಿಂದ ಪ್ರವಾದಿವರ್ಯರು(ಸ) ಅಭಯ ಯಾಚಿಸುತ್ತಿದ್ದರು. ಪ್ರಯಾಣದಲ್ಲಿ ಸಿಗುವ ನೆರೆಯವ ಹೊರಟುಹೋಗುತ್ತಾನೆ, ಖಾಯಂ ನೆರೆಯವ ಹೋಗುವುದಿಲ್ಲ (ನಸಾಈ). ಬಾಡಿಗೆ ಮನೆಯ ನೆರೆ ಬದಲಾಗುತ್ತದೆ. ಕೊಂಡ ಮನೆಯ ನೆರೆ ಉಳಿಯುತ್ತದೆ. ಒಂದೆರಡು ವರ್ಷ ಬಾಡಿಗೆಗಿದ್ದು, ಬೀದಿಯನ್ನು ಅರಿತು ಆಮೇಲೆ ಕೊಳ್ಳಿರಿ. ಆಗಲೂ ಖಾತೆ, ಮಂಜೂರಾದ ನಕ್ಷೆ, ಋಣಭಾರ ಪತ್ರ ಇವನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿರಿ.

ಬಾಗಿಲು ಮುಚ್ಚಿದರೆ

ಹೆಸರು ಕೇಳಿದೊಡನೆ "ಮನೆ ಖಾಲಿಯಿಲ್ಲ" ಎನ್ನುವವರು ಸಿಗುತ್ತಾರೆ. ಫೋನಿನಲ್ಲಿ ಒಪ್ಪಿ, ಮನೆಯಾಕೆಯ ತಲೆವಸ್ತ್ರ ನೋಡಿದ ಮೇಲೆ ಮಾತು ಬದಲಿಸುವವರೂ ಇದ್ದಾರೆ. ನಮ್ಮ ಊರಲ್ಲಿ ಗೌರವದಿಂದ ಬಾಳಿದವರಿಗೆ ಇದು ಹೊಟ್ಟೆಯಲ್ಲಿ ಬೆಂಕಿ ಇಟ್ಟಂತಾಗುತ್ತದೆ. ನೋವಾಗುವುದು ಸಹಜ. ಆದರೆ ಈ ನೋವಿನಲ್ಲಿ ಎರಡು ತಪ್ಪು ದಾರಿಗಳಿವೆ. ಹೆಸರನ್ನೋ ಆಹಾರ ಪದ್ಧತಿಯನ್ನೋ ಮನೆಯಲ್ಲಿರುವ ಜನರ ಸಂಖ್ಯೆಯನ್ನೋ ಮರೆಮಾಚಿ ಮನೆ ಹಿಡಿಯುವುದು ಒಂದು. ಸುಳ್ಳಿನ ಮೇಲೆ ಹಿಡಿದ ಮನೆಯಲ್ಲಿ ಪ್ರತಿದಿನ ಅಂಜಿಕೊಂಡು ಬಾಳಬೇಕಾಗುತ್ತದೆ. ಒಬ್ಬನ ನಡೆಯನ್ನು ನೋಡಿ ಇಡೀ ಸಮುದಾಯದ ಮೇಲೆ ದ್ವೇಷ ಬೆಳೆಸಿಕೊಳ್ಳುವುದು ಇನ್ನೊಂದು. ಒಂದು ಜನತೆಯ ಮೇಲಿನ ಹಗೆತನ ನಿಮ್ಮನ್ನು ನ್ಯಾಯ ತಪ್ಪಿಸಬಾರದೆಂದು ಕುರ್‌ಆನ್ (5:8) ಎಚ್ಚರಿಸುತ್ತದೆ. ಮನೆ ಕೊಡದವನ ಎದುರು ಬೀದಿಯಲ್ಲೇ, ಹಿಂದಿನ ಬಾಡಿಗೆದಾರನ ಸದ್ಗುಣ ನೆನೆದು "ಮುಸ್ಲಿಮರಿಗೇ ಕೊಡುತ್ತೇನೆ" ಎನ್ನುವವನೂ ಇರುತ್ತಾನೆ. ಆ ಹಿಂದಿನ ಬಾಡಿಗೆದಾರ ಯಾರೆಂದು ನಮಗೆ ಗೊತ್ತಿಲ್ಲ. ಆದರೆ ಅವನ ನಡತೆಯ ಫಲವನ್ನು ನಾವು ಉಣ್ಣುತ್ತೇವೆ. ನಮ್ಮ ನಡತೆಯ ಫಲವನ್ನು ಉಣ್ಣುವವನು ನಮ್ಮ ನಂತರ ಬರುವವನು.

ನೀವು ಎಂತಹ ನೆರೆಯವರು?

ಇಲ್ಲಿಯವರೆಗೆ ಒಳ್ಳೆಯ ನೆರೆಯವನನ್ನು ಹುಡುಕುವ ಬಗ್ಗೆ ಹೇಳಿದೆವು. ಆದರೆ ಅದೇ ಬೀದಿಯವರು ಕೂಡ ಒಳ್ಳೆಯ ನೆರೆಯವನೊಬ್ಬ ಬರಲಿ ಎಂದು ಕಾಯುತ್ತಿರುತ್ತಾರಲ್ಲವೆ? ಹ. ಇಬ್ರಾಹೀಮರು(ಅ) ಬೇಡಿದ ಜನರ ಒಲವು ಆಕಾಶದಿಂದ ಉದುರುವುದಿಲ್ಲ. ಹೆಚ್ಚು ನಮಾಝ್, ಉಪವಾಸಗಳಿದ್ದೂ ನಾಲಿಗೆಯಿಂದ ನೆರೆಯವರನ್ನು ನೋಯಿಸುತ್ತಿದ್ದ ಮಹಿಳೆಯೊಬ್ಬಳ ಬಗ್ಗೆ ಕೇಳಿದಾಗ, ಆಕೆ ನರಕವಾಸಿಯೆಂದು ಪ್ರವಾದಿವರ್ಯರು(ಸ) ಹೇಳಿದರು (ಅಹ್ಮದ್). ಇದಕ್ಕಿಂತ ಗಂಭೀರವಾದ ಎಚ್ಚರಿಕೆ ಬೇರೆ ಬೇಕೆ?

ನಗರದ ಜೀವನದಲ್ಲಿ ನೆರೆಯವರ ಹಕ್ಕೆಂದರೆ ಸಣ್ಣಪುಟ್ಟ ಸಂಗತಿಗಳೇ. ಅವರ ಗೇಟಿನ ಎದುರು ನಿಮ್ಮ ಬೈಕು ನಿಲ್ಲಿಸದಿರುವುದು. ಮೇಲಿನ ಮನೆಯಲ್ಲಿದ್ದರೆ ರಾತ್ರಿ ಸದ್ದು ಮಾಡದಿರುವುದು. ಕಸವನ್ನು ಹಸಿ-ಒಣ ಬೇರ್ಪಡಿಸಿ ಗಾಡಿಗೇ ಕೊಡುವುದು. ಟ್ಯಾಂಕಿನ ನೀರನ್ನು ಅಳತೆಯಲ್ಲಿ ಬಳಸುವುದು. ಬಕ್ರೀದಿನ ದಿನ ಬೀದಿಯನ್ನು ಅಂದೇ ಶುಚಿಗೊಳಿಸಿ, ತ್ಯಾಜ್ಯವನ್ನು ಯಾರ ಕಣ್ಣಿಗೂ ಮೂಗಿಗೂ ತಾಗದಂತೆ ವಿಲೇವಾರಿ ಮಾಡುವುದು. ಸಾರು ಮಾಡಿದಾಗ ತುಸು ನೀರು ಹೆಚ್ಚಿಗೆ ಹಾಕಿ ನೆರೆಯವರಿಗೆ ಕೊಡಬೇಕೆಂಬ ಉಪದೇಶವನ್ನು (ಮುಸ್ಲಿಮ್) ಪಾಲಿಸುವಾಗ, ಅವರು ಸಸ್ಯಾಹಾರಿಗಳಾಗಿದ್ದರೆ ಹಣ್ಣನ್ನೋ ನಮ್ಮ ಕಡೆಯ ಜೋಳದ ರೊಟ್ಟಿಯನ್ನೋ ಬ್ಯಾಡಗಿಯ ಖಾರದ ಪುಡಿಯನ್ನೋ ಕೊಡುವುದು. ಇಬ್ಬರಲ್ಲಿ ಯಾರಿಗೆ ಮೊದಲು ಎಂದು ಹ. ಆಯಿಶಾ(ರ) ಕೇಳಿದಾಗ, ಯಾರ ಬಾಗಿಲು ಹತ್ತಿರವೋ ಅವರಿಗೆ ಎಂದು ಉತ್ತರ ಬಂತು (ಬುಖಾರಿ). ಅವರ ಧರ್ಮ, ಭಾಷೆ, ಅಂತಸ್ತುಗಳ ಪ್ರಸ್ತಾಪ ಅಲ್ಲಿಲ್ಲ. ಬಾಗಿಲಿನ ದೂರ ಮಾತ್ರ.

ಹಾವೇರಿ ಜಿಲ್ಲೆಯಿಂದ ಹೋಗುವ ನಿಮ್ಮ ಬಳಿ ಇನ್ನೊಂದು ಸಂಪತ್ತಿದೆ. ನೀವು ಕನ್ನಡ ಬಲ್ಲವರು. ಮನೆಯಲ್ಲಿ ಉರ್ದು ಆಡಿದರೂ ಓಣಿಯಲ್ಲಿ ಕನ್ನಡ ಆಡಿ ಬೆಳೆದವರು. ಹಲವು ಭಾಷೆಗಳ ಆ ನಗರದಲ್ಲಿ ಎದುರು ಮನೆಯ ಹಿರಿಯರೊಂದಿಗೆ, ಶಾಲೆಯ ಶಿಕ್ಷಕಿಯೊಂದಿಗೆ, ವಾರ್ಡಿನ ಕಚೇರಿಯಲ್ಲಿ ಕನ್ನಡದಲ್ಲಿ ಮಾತಾಡಿದರೆ ಅರ್ಧ ಗೋಡೆ ತಾನಾಗಿಯೇ ಕುಸಿಯುತ್ತದೆ. ಮಕ್ಕಳಿಗೂ ಈ ಸಂಪತ್ತನ್ನು ಉಳಿಸಿಕೊಡಿರಿ.

ಹೊರಡುವ ಮುನ್ನ

ಹೋಗುವುದು ನಿಜವಾಗಿಯೂ ಅಗತ್ಯವೆ ಎಂದು ಮನೆಯವರೆಲ್ಲ ಕೂತು ಸಮಾಲೋಚಿಸಿರಿ. ಪತ್ನಿಯ ಮಾತು, ಬೆಳೆದ ಹೆಣ್ಣುಮಕ್ಕಳ ಮಾತು ಆ ಸಮಾಲೋಚನೆಯಲ್ಲಿರಲಿ. ಹೊಸ ಬೀದಿಯಲ್ಲಿ ಹಗಲೆಲ್ಲ ಕಳೆಯಬೇಕಾದವರು ಅವರು. ಹಾವೇರಿಯಿಂದ 75 ಕಿ.ಮೀ.ಯಷ್ಟು ದೂರದ ಹುಬ್ಬಳ್ಳಿಯಲ್ಲೇ ಓದು, ಉದ್ಯೋಗ ಸಿಗುವುದಾದರೆ ಅದನ್ನೂ ಯೋಚಿಸಿರಿ. ವಯಸ್ಸಾದ ತಂದೆ ತಾಯಂದಿರನ್ನು ಬಿಟ್ಟು ಹೋಗುವುದಾದರೆ ಅವರನ್ನು ನೋಡಿಕೊಳ್ಳುವವರು ಯಾರೆಂದು ಮೊದಲು ತೀರ್ಮಾನಿಸಿರಿ. ಕುರ್‌ಆನ್ ನೆರೆಯವರ ಹಕ್ಕನ್ನು ಹೇಳಿದ ಆ ಸೂಕ್ತದಲ್ಲೇ ಅದಕ್ಕಿಂತ ಮೊದಲು ಮಾತಾಪಿತರ ಹಕ್ಕನ್ನು ಹೇಳಿದೆ. ಕೊನೆಗೆ ಇಸ್ತಿಖಾರದ ನಮಾಝ್ ಮಾಡಿ, ಒಳಿತಿದ್ದಲ್ಲಿಗೆ ದಾರಿ ತೋರಿಸೆಂದು ಅಲ್ಲಾಹನಲ್ಲಿ ಬೇಡಿರಿ.

ಓದುಗ ಬಾಂಧವರೇ, ಮನೆಯ ಕರಾರಿಗೆ ಸಹಿ ಹಾಕುವ ಮುನ್ನ ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿರಿ:

ಫಜ್ರ್ ನಮಾಝಿಗೆ ನನ್ನ ಮಗ ನನ್ನೊಂದಿಗೆ ನಡೆದು ಬರಬಲ್ಲನೆ?

ಅರ್ಧರಾತ್ರಿ ಮಗುವಿಗೆ ಜ್ವರ ಬಂದರೆ ನಾನು ತಟ್ಟಬಹುದಾದ ಒಂದು ಬಾಗಿಲು ಈ ಬೀದಿಯಲ್ಲಿದೆಯೆ?

ನನ್ನ ಬಾಗಿಲನ್ನು ಹಾಗೆ ತಟ್ಟಬಹುದೆಂದು ನನ್ನ ನೆರೆಯವರಿಗೆ ಅನಿಸುವಂತೆ ನಾನು ಬಾಳಬಲ್ಲೆನೆ?

ಈ ಮನೆಗೆ ನಾನು ಕೊಡುತ್ತಿರುವ ಹಣ, ಅದನ್ನು ಕೊಡುವ ರೀತಿ ಎರಡೂ ಹಲಾಲ್ ಆಗಿವೆಯೆ?

ನಾಲ್ಕಕ್ಕೂ ಸಮಾಧಾನದ ಉತ್ತರ ದೊರೆತರೆ ಬಿಸ್ಮಿಲ್ಲಾ ಎಂದು ಬೀಗ ತೆಗೆಯಿರಿ. ಮನೆ ಚಿಕ್ಕದಾಗಿದ್ದರೂ ಚಿಂತೆಯಿಲ್ಲ.

ಅಲ್ಲಾಹನು ನಮಗೆ ಒಳ್ಳೆಯ ನೆರೆಯವರನ್ನು ಕರುಣಿಸಲಿ, ನಮ್ಮನ್ನು ಒಳ್ಳೆಯ ನೆರೆಯವರನ್ನಾಗಿ ಮಾಡಲಿ, ನಾವು ಬಿಟ್ಟುಬಂದ ಓಣಿಯನ್ನೂ ಹೋಗಿ ಸೇರುವ ಬೀದಿಯನ್ನೂ ಶಾಂತಿಯಿಂದ ತುಂಬಲಿ. ಆಮೀನ್.